‘ಹೊಲಿಯಲಾಯಿತು’ ಅಂದ್ರೆ ಹೊಲಿದವರು ಯಾರು?

ನಮಸ್ಕಾರ. ನಿಮ್ಮ ‘ಅಜ್ಜನ ಉಳಿಗೊಂದು ಅಂಗಿ’ ಲೇಖನ ಕೈಸೇರಿ ಮೂರು ವಾರ ಆಯಿತು. ಬೇಡ ಅನ್ನಿಸಿದ ಲೇಖನಕ್ಕೆ ಸಾಮಾನ್ಯವಾಗಿ ಎರಡು ಸಾಲು ಬರೆದು ಸುಮ್ಮನಾಗುತ್ತೇನೆ. ನಿಮ್ಮದನ್ನು ಎರಡು ಸಲ ಪಕ್ಕಕ್ಕಿಟ್ಟೆ, ಎರಡು ಸಲವೂ ಮತ್ತೆ ತೆಗೆದು ಓದಿದೆ, ಓದಿದಾಗಲೆಲ್ಲ ಸಿಟ್ಟು ಬಂತು. ಸಿಟ್ಟು ಬರಿಸುವ ಲೇಖನ ನನ್ನ ಮೇಜಿಗೆ ಜಾಸ್ತಿ ಬರುವುದಿಲ್ಲ. ಬರುವುದೆಲ್ಲ ನಿದ್ದೆ ಬರಿಸುವಂಥವು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ, ಬೇರೆ ಹೊಸಬರೂ ಓದಲಿ ಅಂತ ಅಚ್ಚು ಹಾಕುತ್ತಲೂ ಇದ್ದೇನೆ. ನಿಮ್ಮ ಹೆಸರು ಹಾಕಿಲ್ಲ. ಮಂಡ್ಯ ಕಡೆಯವರು ಅಂತ ಗೊತ್ತಾದರೆ ಸಾಕು.

ಲೇಖನ ಓದದವರಿಗೆ ವಿಷಯ ಇಷ್ಟು. ಎತ್ತಿನ ಗಾಡಿ ಮಾಡುತ್ತಿದ್ದ ಅಜ್ಜ ತೀರಿಕೊಂಡ ಮೇಲೆ ಅವರ ಒಂದಿಂಚಿನ ಉಳಿ ಮೊಮ್ಮಗನ ಪಾಲಿಗೆ ಬಂತು. ಮೊಮ್ಮಗ ವಿಡಿಯೊ ನೋಡಿಕೊಂಡು, ಸಂತೆಬೀದಿಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರ ಹತ್ತಿರ ಕೂತುಕೊಂಡು, ಆ ಉಳಿಯ ಬಾಯಿಗೆ ಚರ್ಮದ ಒರೆ ಮಾಡಿದರು. ‘ಒರೆ’ ನನ್ನ ಮಾತು. ಅವರು ಬರೆದದ್ದು ‘ಚರ್ಮದ ರಕ್ಷಣಾ ಕವಚ’ ಅಂತ.

ಮೊದಲು ಹೊಗಳಿ ಮುಗಿಸಿಬಿಡುತ್ತೇನೆ. ತಲೆಬರಹ ಚೆನ್ನಾಗಿದೆ. ಅಕಾರ ಹಕಾರ ಎಲ್ಲ ಅದರದರ ಜಾಗದಲ್ಲಿದೆ. ಉಳಿಯ ಹಿಡಿಯಲ್ಲಿ ಅಜ್ಜನ ಹೆಬ್ಬೆರಳು ಕೂತೂ ಕೂತೂ ತಗ್ಗು ಬಿದ್ದ ಜಾಗದ ಬಗ್ಗೆ ಒಂದು ಸಾಲಿದೆ, ಅದು ನಿಜಕ್ಕೂ ಒಳ್ಳೆಯ ಸಾಲು. ಆಯಿತು.

ಇನ್ನು ತಕರಾರು. ನಾಲ್ಕು ಪುಟದಲ್ಲಿ 31 ‘ಲಾಯಿತು’ ಇವೆ. ಕೆಂಪು ಪೆನ್ನು ಹಿಡಿದು ಎಣಿಸಿದೆ. ಆಯ್ಕೆ ಮಾಡಲಾಯಿತು, ಕತ್ತರಿಸಲಾಯಿತು, ನೆನೆಸಲಾಯಿತು, ಸೇರಿಸಿ ಹೊಲಿಯಲಾಯಿತು. ಪಂಚಾಯಿತಿ ನಡಾವಳಿ ಪುಸ್ತಕದಲ್ಲಿ ಹೀಗೆ ಬರೆಯುತ್ತಾರೆ, ‘ಚರಂಡಿ ದುರಸ್ತಿ ಮುಂದೂಡಲು ತೀರ್ಮಾನಿಸಲಾಯಿತು’ ಅಂತ. ಯಾರು ಮುಂದೂಡಿದರು ಅಂತ ಊರಿಗೆ ಗೊತ್ತಾಗಬಾರದು, ಅದಕ್ಕೆ. ನಿಮಗೆ ಯಾರ ಹೆದರಿಕೆ? ಅಜ್ಜನ ನೆನಪು ಬಂದಾಗ ಮಾತ್ರ ‘ನಾನು ಕಣ್ಣೀರಾದೆ’, ‘ನಾನು ಮೂಕನಾದೆ’ ಅಂತ ಧಾರಾಳವಾಗಿ ಬರೆದಿದ್ದೀರಿ. ಅಳುವಾಗ ನೀವಿದ್ದೀರಿ, ಕೆಲಸ ಮಾಡುವಾಗ ಒಂದು ಕಡೆ ಬಿಟ್ಟರೆ ಯಾರೂ ಇಲ್ಲ.

‘ಮೊದಲಿಗೆ ಗುಣಮಟ್ಟದ ಚರ್ಮವನ್ನು ಆಯ್ಕೆ ಮಾಡಲಾಯಿತು.’

ಯಾವ ಚರ್ಮ? ಎಷ್ಟು ದಪ್ಪ? ಮುಂದಿನ ಪುಟದಲ್ಲಿ ಅದನ್ನು ನೀರಲ್ಲಿ ನೆನೆಸಿ, ಉಳಿಯ ಮೇಲೆ ಒತ್ತಿ ಆಕಾರ ಕೂರಿಸಿದ ವಿಷಯ ಬರುತ್ತದೆ. ಒಣಗಿದ ಮೇಲೂ ಆಕಾರ ಹಾಗೇ ನಿಂತಿತು ಅಂದಿದ್ದೀರಿ. ಹಾಗಿದ್ದರೆ ಅದು ತೊಗಟೆಯಲ್ಲಿ ಹದ ಮಾಡಿದ ಚರ್ಮ. ತಂಗಡಿ ತೊಗಟೆ, ಅಳಲೆಕಾಯಿ, ಇಂಥವುಗಳ ಒಗರು ನೀರಿನಲ್ಲಿ ವಾರಗಟ್ಟಲೆ ನೆನೆದದ್ದು. ಜಾಕೆಟ್ಟು, ಬ್ಯಾಗಿಗೆ ಹಾಕುವ ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ ಮೆತ್ತನೆಯ ಕ್ರೋಮ್ ಚರ್ಮವನ್ನು ನೀವು ಎಷ್ಟೇ ಒತ್ತಿ ಕೂರಿಸಿದರೂ ಒಣಗಿದ ಮೇಲೆ ಜೋತುಬೀಳುತ್ತದೆ. ಕತ್ತರಿಸಿದ ಅಂಚು ನೋಡಿದರೂ ಸಾಮಾನ್ಯವಾಗಿ ಗೊತ್ತಾಗುತ್ತದೆ. ಕ್ರೋಮಿನದ್ದು ನಡುವೆ ನೀಲಿ ಬೆರೆತ ಬೂದು, ತೊಗಟೆಯದ್ದು ಮೇಲಿಂದ ಕೆಳಗಿನವರೆಗೆ ಕಂದು. ಆ ಅಂಚು ನಿಮ್ಮ ಕೈಯಲ್ಲೇ ಇತ್ತು. ಬಣ್ಣ ನೋಡಿರುತ್ತೀರಿ, ವಾಸನೆಯನ್ನೂ ಕುಡಿದಿರುತ್ತೀರಿ. ಬರೆಯಲು ಕೂತಾಗ ‘ಗುಣಮಟ್ಟ’ ಅಂದುಬಿಟ್ಟಿರಿ.

‘ಚೂಪಾದ ಉಪಕರಣದ ಸಹಾಯದಿಂದ ಸಮಾನ ಅಂತರದಲ್ಲಿ ರಂಧ್ರಗಳನ್ನು ಮಾಡಲಾಯಿತು.’

ಇಲ್ಲಿ ಎದ್ದು ಹೋಗಿ ಒಂದು ಟೀ ಕುಡಿದು ಬಂದೆ. ಅದರ ಹೆಸರು ಆರಿ. ‘ಚೂಪಾದ ಉಪಕರಣ’ ಅಂದರೆ ಎಫ್‌ಐಆರ್ ಓದಿದ ಹಾಗಿದೆ, ಹರಿತವಾದ ಆಯುಧದಿಂದ ಚುಚ್ಚಿ ಪರಾರಿ. ರಂಧ್ರ ಓಜೋನ್ ಪದರದಲ್ಲಿ ಬೇಕಾದರೆ ಆಗಲಿ, ಚರ್ಮದಲ್ಲಿ ಆಗುವುದು ತೂತು. ಚರ್ಮ ಕೊಯ್ಯಲು ಆ ಚಪ್ಪಲಿ ಹೊಲಿಯುವವರ ಹತ್ತಿರ ರಂಪಿಗೆ ಇದ್ದಿರುತ್ತದೆ, ಅದರ ಹೆಸರೂ ಇಡೀ ಲೇಖನದಲ್ಲಿ ಎಲ್ಲೂ ಇಲ್ಲ. ಉಳಿಯ ಬಗ್ಗೆ ನಾಲ್ಕು ಪುಟ ಬರೆಯುವವರಿಗೆ ಪಕ್ಕದಲ್ಲೇ ಇದ್ದ ಇನ್ನೆರಡು ಉಪಕರಣಗಳು ಕಾಣಲಿಲ್ಲ ಅಂದರೆ ಏನರ್ಥ?

ಈ ಸಾಲಿನಲ್ಲಿ ನನಗೆ ಬೇರೆ ಅನುಮಾನವೂ ಇದೆ. ದಾರದ ಕೆಲಸಕ್ಕೆ ಬಂದ ತಕ್ಷಣ ‘ಎರಡು ಸೂಜಿ ಹಿಡಿದು ನಾನೇ ಹೊಲಿದೆ’ ಅಂತ ಎದೆ ಸೆಟೆಸಿ ಬರೆದಿದ್ದೀರಿ. ಹೊಲಿಗೆಯ ಉದ್ದದ ನಾಲ್ಕರಷ್ಟು ದಾರ ಬೇಕು, ಜೇನುಮೇಣ ಹಚ್ಚಬೇಕು ಅನ್ನುವುದೂ ಇದೆ. ಕೆಲಸದ ನಡುವೆ ನೀವು ಕಾಣುವುದು ಅದೊಂದೇ ಕಡೆ. ಹಾಗಾದರೆ ತೂತಿನ ಸಾಲಿನಲ್ಲಿ ಎಲ್ಲಿ ಹೋಗಿದ್ದಿರಿ? ಹೊಸಬರ ಕೈಯಲ್ಲಿ ಆರಿ ನೆಟ್ಟಗೆ ಇಳಿಯುವುದಿಲ್ಲ. ಮುಂದಿನಿಂದ ನಾಲ್ಕು ಮಿಲಿಮೀಟರಿಗೊಂದು ತೂತು ಸಾಲಾಗಿ ಕಂಡರೂ, ತಿರುಗಿಸಿ ನೋಡಿದರೆ ಕುಡಿದವರ ನಡಿಗೆಯ ಹಾಗೆ ಅಲ್ಲೊಂದು ಇಲ್ಲೊಂದು ಬಿದ್ದಿರುತ್ತದೆ. ನೀವು ಕಳಿಸಿದ ಫೋಟೊದಲ್ಲಿ ಹಿಂಬದಿಯೂ ಇದೆ. ಗೆರೆ ಎಳೆದ ಹಾಗೆ ನೇರ. ಆ ತೂತು ನೀವು ಹಾಕಿದ್ದಲ್ಲ, ಅಲ್ವಾ?

ಇಷ್ಟು ಗಟ್ಟಿಯಾಗಿ ಕೇಳುತ್ತಿದ್ದೇನೆ ಅಂದರೆ, ಈ ಕಳ್ಳತನ ನಾನೂ ಮಾಡಿದವನೇ. 1983ರ ಸುಮಾರಿಗೆ ಮೈಸೂರಿನ ಒಂದು ಸಣ್ಣ ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಒಂದೊಂದೇ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ಒಂದು ಸಲ ಬೆಲ್ಲ ಮಾಡುವ ಆಲೆಮನೆ ಬಗ್ಗೆ ಬರೆದುಕೊಂಡು ಬಾ ಅಂತ ಮಂಡ್ಯದ ಕಡೆ ಕಳಿಸಿದರು. ಮಂಡ್ಯದಲ್ಲಿ ಮೈಶುಗರ್ ಸಕ್ಕರೆ ಕಂಪನಿ ಶುರುವಾದದ್ದು 1933ರಲ್ಲಿ. ಅದಾಗಿ ಐವತ್ತು ವರ್ಷ ಕಳೆದರೂ ಹಳ್ಳಿಗಳಲ್ಲಿ ಗಾಣ ನಿಂತಿರಲಿಲ್ಲ, ಅದೇ ವಿಷಯ. ಹೋದೆ, ಹೊಗೆಗೆ ಕಣ್ಣು ಉರಿಯಿತು, ಹತ್ತು ನಿಮಿಷ ಹೊರಗೆ ನಿಂತು ಎರಡು ಲೋಟ ಕಬ್ಬಿನ ಹಾಲು ಕುಡಿದು ವಾಪಸ್ ಬಸ್ಸು ಹತ್ತಿದೆ. ಬಂದು ಬರೆದೆ: ರಸವನ್ನು ಶೋಧಿಸಲಾಗುತ್ತದೆ, ಕುದಿಸಲಾಗುತ್ತದೆ, ಸೂಕ್ತ ಹದಕ್ಕೆ ಬಂದಾಗ ಅಚ್ಚಿಗೆ ಸುರಿಯಲಾಗುತ್ತದೆ.

ಸಾಯಂಕಾಲ ಕಂಪೋಸಿಟರು ಮೊಳೆ ಜೋಡಿಸುವ ಸ್ಟಿಕ್ಕು ಖಾಲಿ ಹಿಡಿದುಕೊಂಡೇ ನನ್ನ ಮೇಜಿಗೆ ಬಂದರು. ನನಗಿಂತ ಮೂವತ್ತು ವರ್ಷ ದೊಡ್ಡವರು. “‘ಗು’ ಮೊಳೆ ಮುಗಿದೋಯ್ತು. ನಿಮ್ಮ ಲಾಗುತ್ತದೆ ಲಾಗುತ್ತದೆಗೇ ಎಲ್ಲಾ ಹೋಯ್ತು. ಹಿಂದಿನ ಪುಟ ಬಿಚ್ಚೋವರೆಗೂ ಕಾಯ್ಬೇಕು” ಅಂದರು. ನಾನು ನಕ್ಕೆ. ಅವರು ನಗಲಿಲ್ಲ. “ಅಲ್ಲಾ, ಸೂಕ್ತ ಹದ ಅಂತ ಬರ್ದಿದೀರಲ್ಲ, ಅದನ್ನ ಹೇಳೋರು ಯಾರು ಅಲ್ಲಿ?”

ಗೊತ್ತಿರಲಿಲ್ಲ. ಮಾರನೆ ದಿನ ನನ್ನದೇ ದುಡ್ಡಲ್ಲಿ ಮತ್ತೆ ಮಂಡ್ಯ ಬಸ್ಸು ಹತ್ತಿ, ಬೆಳಿಗ್ಗೆಯಿಂದ ಕತ್ತಲಾಗುವವರೆಗೆ ಕೊಪ್ಪರಿಗೆ ಪಕ್ಕದಲ್ಲಿ ನಿಂತೆ. ರಸಕ್ಕೆ ಸುಣ್ಣ ಹಾಕುವುದನ್ನು ನೋಡಿದೆ. ಬೆಂಡೆಗಿಡದ ಲೋಳೆ ಬಿಟ್ಟ ಮೇಲೆ ಮಡ್ಡಿ ನೊರೆಯಾಗಿ ಮೇಲೆ ಬರುವುದನ್ನು ನೋಡಿದೆ. ಪಾಕ ನೋಡುವವರು ಒಬ್ಬ ಮುದುಕರು. ಕುದಿಯುವ ಪಾಕವನ್ನು ಕೋಲಿನ ತುದಿಯಲ್ಲಿ ಎತ್ತಿ, ತಣ್ಣೀರಿನ ಮಗ್ಗಿಗೆ ಬಿಟ್ಟು, ಎರಡು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಿದ್ದರು. ಉಂಡೆ ಕೂತರೆ ‘ಇಳ್ಸಿ’ ಅನ್ನುವರು. ಆ ಎರಡು ಬೆರಳ ತುದಿಯಲ್ಲಿ ಗೆರೆಯೇ ಇರಲಿಲ್ಲ, ಗಾಜಿನ ಹಾಗೆ ನುಣ್ಣಗೆ. ಒಂದೂವರೆ ಕಾಲಂ ಇದ್ದ ಬರಹ ಮುಕ್ಕಾಲು ಕಾಲಂ ಆಯಿತು. ಕಂಪೋಸಿಟರು ಏನೂ ಹೇಳಲಿಲ್ಲ. ಜೋಡಿಸಿ ಮುಗಿಸಿ ಟೀ ತರಿಸಿದರು.

ಇರಲಿ, ನಿಮ್ಮ ಲೇಖನಕ್ಕೆ ಬರೋಣ.

‘ಎರಡು ಪದರಗಳ ನಡುವೆ ಸಣ್ಣ ಪಟ್ಟಿಯೊಂದನ್ನು ಇಡಲಾಯಿತು.’

ನಿಮ್ಮ ನಾಲ್ಕು ಪುಟದಲ್ಲಿ ಅತಿ ಮುಖ್ಯವಾದ ಸಾಲು ಇದು, ಮತ್ತು ಅದು ನಿಮಗೆ ಗೊತ್ತಿಲ್ಲ. ಯಾಕೆ ಇಟ್ಟರು ಅಂತ ಕೇಳಲೇ ಇಲ್ಲ ಅನ್ನಿಸುತ್ತದೆ. ನಾನು ಕೇಳಿಕೊಂಡು ಬಂದೆ. ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರ ನನ್ನ ಚಪ್ಪಲಿ ಹೊಲಿದುಕೊಡುವವರಿಗೆ ನಿಮ್ಮ ಫೋಟೊ ತೋರಿಸಿದೆ. ಅವರು ಕನ್ನಡಕ ಮೇಲೆತ್ತಿ ಅಂಚನ್ನೇ ಒಂದು ನಿಮಿಷ ನೋಡಿದರು. “ಉಳಿ ಸುಮ್ನೆ ಇರಲ್ಲ ಸ್ವಾಮಿ, ಹಾಕ್ವಾಗ ತೆಗೀವಾಗ ಪಕ್ಕಕ್ಕೆ ಒರೀತದೆ. ಪಟ್ಟಿ ಇಲ್ದಿದ್ರೆ ಅದರ ಮೂಲೆ ನೇರ ದಾರಕ್ಕೇ ಬೀಳೋದು. ಒಂದು ತಿಂಗಳಲ್ಲಿ ಕುಯ್ದಾಕ್ಬಿಡ್ತದೆ.” ಪಟ್ಟಿಯ ದಪ್ಪ ಉಳಿಯ ದಪ್ಪಕ್ಕೆ ಹೆಚ್ಚುಕಡಿಮೆ ಸರಿಯಾಗಿರಬೇಕಂತೆ. ಆಗ ಉಳಿ ಪಟ್ಟಿಯನ್ನು ತಿನ್ನುತ್ತದೆ, ದಾರ ಉಳಿಯುತ್ತದೆ.

ಎರಡು ಸೂಜಿ ವಿಷಯ ಹೇಳಿದೆ. ನಕ್ಕರು. ಅವರದ್ದು ಸೂಜಿಯೇ ಇಲ್ಲದ ಹೊಲಿಗೆ. ತುದಿಯಲ್ಲಿ ಸಣ್ಣ ಕೊಕ್ಕೆ ಇರುವ ಆರಿ ಚರ್ಮದೊಳಗೆ ಇಳಿದು, ಕೆಳಗಿರುವ ದಾರವನ್ನು ಕಚ್ಚಿಕೊಂಡು ಕುಣಿಕೆ ಮಾಡಿ ಮೇಲೆ ತರುತ್ತದೆ. ಆ ಕುಣಿಕೆಯೊಳಗೆ ದಾರದ ಇನ್ನೊಂದು ತುದಿ ತೂರಿಸಿ, ಎರಡೂ ಕಡೆ ಜಗ್ಗಿದರೆ ಒಂದು ಹೊಲಿಗೆ. ನೋಡುತ್ತಿದ್ದ ಹಾಗೇ ಹತ್ತು ಹಾಕಿದರು, ನನ್ನ ಜೊತೆ ಮಾತಾಡಿಕೊಂಡೇ. ಫೋಟೊ ವಾಪಸ್ ಕೊಡುವಾಗ ಕೇಳಿದರು, “ಯಾರ ಕೈಕೆಲಸ ಇದು? ತೂತು ಚೆನ್ನಾಗಿ ಹಾಕವ್ರೆ.” ನನ್ನ ಹತ್ತಿರ ಉತ್ತರ ಇರಲಿಲ್ಲ. ಚೀಲದಲ್ಲಿದ್ದ ನಿಮ್ಮ ನಾಲ್ಕು ಪುಟದಲ್ಲೂ ಇರಲಿಲ್ಲ.

ಉತ್ತರ ಇರಬೇಕಾದ ಸಾಲು ಇದು: ‘ಈ ಹಂತದಲ್ಲಿ ಸ್ಥಳೀಯ ಚರ್ಮ ಕುಶಲಕರ್ಮಿಯೊಬ್ಬರ ನೆರವನ್ನು ಪಡೆಯಲಾಯಿತು.’

ನೀವು ಲೇಖನ ಶುರು ಮಾಡಿದ್ದು ಹರಳಯ್ಯನವರಿಂದ. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿಕೊಟ್ಟ ಕತೆಗೆ 14 ಸಾಲು. ಅದರ ಹಿಂದೆಯೇ ‘ಕಾಯಕವೇ ಕೈಲಾಸ’. ಸರಿ. 12ನೇ ಶತಮಾನದವರಿಗೆ 14 ಸಾಲು. ಸಂತೆಬೀದಿಯಲ್ಲಿ ಕೂತು ನಿಮಗೆ ಚರ್ಮ ಆರಿಸಿಕೊಟ್ಟ, ತೂತು ಹಾಕಿಕೊಟ್ಟ, ನೀವು ಕೇಳದಿದ್ದರೂ ಪಟ್ಟಿ ಇಟ್ಟುಕೊಟ್ಟ ಮನುಷ್ಯರಿಗೆ ಒಂದು ಸಾಲು, ಅದೂ ‘ಪಡೆಯಲಾಯಿತು’. ಬೇಕೆಂದೇ ಮಾಡಿದಿರಿ ಅಂತ ಹೇಳುತ್ತಿಲ್ಲ. ಆದರೆ ಚರ್ಮದ ಕೆಲಸದ ವಿಷಯದಲ್ಲಿ ನಮ್ಮ ಊರುಗಳು ತಲೆತಲಾಂತರದಿಂದ ನಡೆದುಕೊಂಡದ್ದು ಹೀಗೇ. ಮೆಟ್ಟು ಬೇಕು, ಮಿಣಿ ಬೇಕು, ತಮಟೆ ಬೇಕು, ಮಾಡಿದವರು ಮಾತ್ರ ಊರಾಚೆ ಇರಬೇಕು. ನಿಮ್ಮ ‘ಲಾಯಿತು’ ಅದನ್ನೇ ಕಾಗದದ ಮೇಲೆ ಮಾಡಿದೆ. ಸಿಟ್ಟು ಬಂದದ್ದು ಇದಕ್ಕೆ. ಬರೀ ವ್ಯಾಕರಣ ಆಗಿದ್ದರೆ ತಿದ್ದಿ ಹಾಕಿಕೊಳ್ಳುತ್ತಿದ್ದೆ.

ಆ ಸಂತೆಬೀದಿಯವರು ನಿಮ್ಮ ಸೂಜಿ ನೋಡಿ ಏನಂದರು? ಉಳಿಯನ್ನು ಕೈಗೆ ತೆಗೆದುಕೊಂಡು ಬಾಯಿ ಸವರಿ ನೋಡಿದರಾ? ಎಷ್ಟು ದುಡ್ಡು ತೆಗೆದುಕೊಂಡರು, ಅಥವಾ ಬೇಡ ಅಂದರಾ? ನಿಮ್ಮ ಅಜ್ಜ ಅವರಿಗೆ ಗೊತ್ತಿದ್ದರಾ? ಅಷ್ಟು ವರ್ಷ ಗಾಡಿ ಮಾಡಿದವರು, ನೊಗದ ಮಿಣಿಗಾದರೂ ಅವರ ಮನೆ ಬಾಗಿಲಿಗೆ ಹೋಗಿರುತ್ತಾರೆ. ಇದಕ್ಕೆಲ್ಲ ಉತ್ತರ ತನ್ನಿ. ಹರಳಯ್ಯನವರನ್ನು ಬಿಡಿ, ಅವರಿಗೇನೂ ಬೇಜಾರಾಗುವುದಿಲ್ಲ.

ಕೊನೆಯ ಪ್ಯಾರಾ ತಂಟೆಗೆ ಹೋಗಬಾರದು ಅಂದುಕೊಂಡಿದ್ದೆ, ಆಗುತ್ತಿಲ್ಲ. ‘ಒಣಗಿದ ಮೇಲೆ ಒಳಗಡೆ ಚರ್ಮದ ಮೇಲೆ ಕಪ್ಪು ಛಾಯೆಯೊಂದು ಮೂಡಿತ್ತು. ಅದು ಅಜ್ಜನ ನೆನಪಿನ ನೆರಳೇ ಆಗಿತ್ತು.’ ಅಲ್ಲ ಕಣ್ರೀ. ಅದು ಮಸಿ. ಹಿಂದಿನವರು ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ. ತೊಗಟೆಯ ಒಗರು, ನೀರು, ಉಳಿಯ ಕಬ್ಬಿಣ ಮೂರೂ ಸೇರಿದರೆ ಕಪ್ಪಾಗದೆ ಇನ್ನೇನಾಗುತ್ತದೆ? ಒದ್ದೆ ಚರ್ಮ ಸುತ್ತುವ ಮೊದಲು ಉಳಿಗೆ ಒಂದು ಪ್ಲಾಸ್ಟಿಕ್ ಹಾಳೆ ಸುತ್ತಿದ್ದರೆ ಈ ನೆರಳು ಬೀಳುತ್ತಿರಲಿಲ್ಲ.

ಅದರ ಮುಂದಿನ ಸಾಲು ಓದಿ ಮಾತ್ರ ನಿಜವಾಗಿ ಗಾಬರಿಯಾಯಿತು. ‘ಅಂದಿನಿಂದ ಉಳಿ ಆ ಕವಚದೊಳಗೆ ನೆಮ್ಮದಿಯಾಗಿ ಮಲಗಿದೆ.’ ಎಷ್ಟು ದಿನದಿಂದ? ನಾಲೆ ಬಯಲಿನ ಊರು, ಮಳೆಗಾಲ ಬೇರೆ. ಚರ್ಮ ಗಾಳಿಯ ಪಸೆ ಹೀರಿಕೊಂಡು ಕಬ್ಬಿಣಕ್ಕೆ ಒತ್ತಿ ಕೂತಿರುತ್ತದೆ. ಒರೆ ಇರುವುದು ಉಳಿಯನ್ನು ಚೀಲದಲ್ಲಿ ಹಾಕಿಕೊಂಡು ಓಡಾಡುವಾಗ, ತಿಂಗಳುಗಟ್ಟಲೆ ಇಡುವುದಕ್ಕಲ್ಲ. ಲೇಖನ ದೀಪಾವಳಿ ಕಳೆದು ಬಂದರೂ ನಡೆಯುತ್ತದೆ, ಉಳಿಯನ್ನು ಇವತ್ತೇ ಹೊರಗೆ ತೆಗೆಯಿರಿ. ಒರೆಸಿ, ಹೊಲಿಗೆ ಮಿಷನ್ನಿನ ಎಣ್ಣೆ ಎರಡು ಹನಿ ಸವರಿ, ಹಳೇ ಪಂಚೆ ತುಂಡಿನಲ್ಲಿ ಸುತ್ತಿಡಿ. ನಿಮ್ಮ ಅಜ್ಜ ಎಣ್ಣೆ ಬಟ್ಟೆಯಲ್ಲೇ ಸುತ್ತಿಡುತ್ತಿದ್ದರು ಅಂತ ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ.