ಬಾಂಡಿಂಗ್ ಚಾಪ್ಟರ್‌ಗೂ ಲ್ಯಾಬ್‌ನಲ್ಲಿ ಮಾಡೋದಕ್ಕೂ ಏನಾದ್ರೂ ಸಂಬಂಧ ಇದ್ಯಾ?

ನೀವು ಕೇಳಿರೋದು ಇಷ್ಟು: ಪರಮಾಣು, ಅಣುಗಳನ್ನ ಒಟ್ಟಿಗೆ ಹಿಡ್ದಿಡೋ ಬಾಂಡ್‌ಗಳು, ಅಂದ್ರೆ ಅಯಾನಿಕ್ (ಎಲೆಕ್ಟ್ರಾನ್ ಕೊಟ್ಟು ತಗೊಂಡು ಆಗೋದು), ಕೋವೇಲೆಂಟ್ (ಎಲೆಕ್ಟ್ರಾನ್ ಹಂಚ್ಕೊಂಡು ಆಗೋದು), ಹೈಡ್ರೋಜನ್ ಬಾಂಡ್ ಎಲ್ಲಾ ಬಾಯಿಪಾಠ ಆಗಿದೆ, ಆದ್ರೆ ಲ್ಯಾಬ್‌ಗೆ ಹೋದ್ರೆ ಹೇಳ್ದಂಗೆ ಬ್ಯುರೆಟ್ (ಅಳತೆ ಗೆರೆ ಇರೋ ಉದ್ದ ಗಾಜಿನ ಕೊಳವೆ) ತುಂಬ್ಸೋದು, ರೀಡಿಂಗ್ ಬರ್ಕೊಳ್ಳೋದು ಅಷ್ಟೇ, ಎರಡಕ್ಕೂ ನಿಜವಾಗ್ಲೂ ಸಂಬಂಧ ಇದ್ಯಾ, ವೈವಾಗೆ (ಪ್ರಾಕ್ಟಿಕಲ್‌ನ ಬಾಯಿ ಪರೀಕ್ಷೆಗೆ) ಬಾಂಡಿಂಗ್ ಓದ್ಬೇಕಾ ಅಂತ. ನಾನು ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳ್ಕೊಡೋದು, ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ.

ಸಂಬಂಧ ಇದೆ, ಅದೂ ಬಹಳ ಹತ್ರದ್ದು. ಲ್ಯಾಬ್‌ನಲ್ಲಿ "ಹೀಗೆ ಮಾಡಿ, ಹಾಗೆ ಮಾಡ್ಬೇಡಿ" ಅಂತಾರಲ್ಲ, ಅದ್ರಲ್ಲಿ ಸುಮಾರು ಮಾತುಗಳ ಹಿಂದೆ ಯಾವುದೋ ಒಂದು ಬಾಂಡ್ ಕೂತಿರುತ್ತೆ. ತೊಂದ್ರೆ ಏನಂದ್ರೆ ಎಷ್ಟೋ ಕಡೆ ಚಾಪ್ಟರ್ ಜುಲೈನಲ್ಲೋ ಆಗಸ್ಟ್‌ನಲ್ಲೋ ಮುಗಿಯುತ್ತೆ, ಲ್ಯಾಬ್ ಬಾಗಿಲು ಸರಿಯಾಗಿ ತೆಗಿಯೋದು ಪ್ರಾಕ್ಟಿಕಲ್ ಎಕ್ಸಾಮ್ ಹತ್ರ ಬಂದಾಗ, ಅಷ್ಟ್ರಲ್ಲಿ ಮಕ್ಕಳಿಗೆ ಎರಡೂ ಬೇರೆ ಬೇರೆ ಸಬ್ಜೆಕ್ಟ್ ಅನ್ಸಿರುತ್ತೆ.

ಮೊದ್ಲು ಬ್ಯುರೆಟ್ಟೇ ತಗೊಳ್ಳಿ. ನೀರು ಗಾಜಿನ ಅಂಚಲ್ಲಿ ಮೇಲಕ್ಕೆ ಏರಿ ಮಧ್ಯ ತಗ್ಗಾಗಿರುತ್ತೆ, ಆ ತಗ್ಗಿನ ತಳ ನೋಡಿ ರೀಡಿಂಗ್ ತಗೋಬೇಕು ಅಂತಾರೆ. ಯಾಕೆ ಏರುತ್ತೆ? ಗಾಜು ಅಂದ್ರೆ ಸಿಲಿಕಾನ್ ಮತ್ತು ಆಕ್ಸಿಜನ್ ಬಾಂಡ್‌ಗಳ ದೊಡ್ಡ ಬಲೆ, ಅದ್ರ ಮೇಲ್ಮೈಯಲ್ಲಿ ಓಎಚ್ ಗುಂಪುಗಳು ಇರುತ್ತೆ, ನೀರು ಅದಕ್ಕೆ ಹೈಡ್ರೋಜನ್ ಬಾಂಡ್ ಮಾಡ್ಕೊಂಡು ಅಂಟ್ಕೊಳ್ಳುತ್ತೆ. ಪಾದರಸದಲ್ಲಿ ಮೆಟಾಲಿಕ್ ಬಾಂಡಿಂಗ್, ಅದಕ್ಕೆ ಗಾಜಿನ ಹಂಗೇ ಬೇಡ, ತನ್ನೊಳಗೇ ಗಟ್ಟಿಯಾಗಿ ಹಿಡ್ಕೊಂಡಿರುತ್ತೆ, ಅದಕ್ಕೇ ಮಧ್ಯ ಉಬ್ಬಿರುತ್ತೆ. ಪರ್ಮಾಂಗನೇಟ್ ಮಾತ್ರ ಕಡು ನೇರಳೆ, ತಳ ಕಾಣೋದೇ ಇಲ್ಲ, ಅಲ್ಲಿ ಮೇಲಿನ ಅಂಚು ನೋಡ್ತೀವಿ. ಪಿಪೆಟ್ (ಗೊತ್ತಾದ ಅಳತೆ ದ್ರವ ಎತ್ತಿ ಹಾಕೋ ಗಾಜಿನ ಕೊಳವೆ) ತುದೀಲಿ ಉಳಿಯೋ ಹನಿಯನ್ನ ಊದಿ ಬೀಳಿಸ್ಬೇಡಿ ಅಂತ ಬೈಸ್ಕೊಂಡಿರ್ತೀರಲ್ಲ, ಅದೂ ಇದೇ ಅಂಟೋ ಕಥೆ. ಆ ಹನಿ ಉಳಿದೇ ಉಳಿಯುತ್ತೆ ಅಂತ ಲೆಕ್ಕ ಹಿಡ್ದೇ ಗೆರೆ ಹಾಕಿರ್ತಾರೆ, ನೀವು ಊದಿದ್ರೆ 20 ಎಂಎಲ್‌ಗಿಂತ ಜಾಸ್ತಿ ಹೋಗುತ್ತೆ. ತುದೀನ ಫ್ಲಾಸ್ಕ್ ಗೋಡೆಗೆ ಮುಟ್ಟಿಸಿ ತೆಗೀರಿ ಸಾಕು. (ಬಾಯಲ್ಲಿ ಎಳೆಯೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಬಲ್ಬ್ ಕೇಳಿ ತಗೊಳ್ಳಿ.)

ಸೋಡಿಯಂ ಹೈಡ್ರಾಕ್ಸೈಡ್ ಬಾಟಲಿಗೆ ಗಾಜಿನ ಮುಚ್ಚಳ ಯಾಕಿರಲ್ಲ ಅಂದ್ರೆ, ಅದು ಗಾಜಿನ ಆ ಸಿಲಿಕಾನ್ ಆಕ್ಸಿಜನ್ ಬಾಂಡನ್ನೇ ನಿಧಾನಕ್ಕೆ ಕಡಿಯುತ್ತೆ, ಆಮೇಲೆ ಮುಚ್ಚಳ ಕಚ್ಕೊಂಡು ಏನ್ ತಿರುಗಿಸಿದ್ರೂ ಬರಲ್ಲ.

ಈಗ ಟೈಟ್ರೇಶನ್‌ಗೆ, ಅಂದ್ರೆ ಒಂದು ದ್ರಾವಣವನ್ನ ಇನ್ನೊಂದಕ್ಕೆ ಹನಿಹನಿಯಾಗಿ ಬಿಟ್ಟು ಎಷ್ಟು ಬೇಕಾಯ್ತು ಅಂತ ಅಳೆಯೋದಕ್ಕೆ ಬರೋಣ, ನಂಗೆ ಇಷ್ಟವಾದ ಜಾಗ ಇದು. ಪರ್ಮಾಂಗನೇಟ್ ಜೊತೆ ಎರಡು ಪ್ರಯೋಗ ಮಾಡಿಸ್ತಾರೆ, ಒಂದು ಆಕ್ಸಾಲಿಕ್ ಆಸಿಡ್, ಇನ್ನೊಂದು ಎಫ್‌ಎಎಸ್ ಅಂದ್ರೆ ಫೆರಸ್ ಅಮೋನಿಯಂ ಸಲ್ಫೇಟ್, ಅದೇ ಮೋರ್ಸ್ ಸಾಲ್ಟ್. ಆಕ್ಸಾಲಿಕ್ ಆಸಿಡನ್ನ 60-70 ಡಿಗ್ರಿಗೆ ಬಿಸಿ ಮಾಡ್ಬೇಕು, ಎಫ್‌ಎಎಸ್‌ಗೆ ಬಿಸಿ ಮಾಡ್ಲೇಬಾರ್ದು. ಯಾಕೆ ಅಂತ ಕೇಳಿದ್ರೆ ಹೆಚ್ಚಿನವರು "ರಿಯಾಕ್ಷನ್ ಸ್ಲೋ ಸರ್" ಅಂತಾರೆ, ಅಲ್ಲಿಗೇ ನಿಲ್ಲಿಸ್ತಾರೆ. ಯಾಕೆ ಸ್ಲೋ? ಫೆರಸ್ ಅಯಾನು ಒಂದು ಎಲೆಕ್ಟ್ರಾನ್ ಕೊಟ್ರೆ ಮುಗೀತು, ಫೆರಿಕ್ ಆಯ್ತು, ತನ್ನ ಕಡೆಯಿಂದ ಯಾವ ಕೋವೇಲೆಂಟ್ ಬಾಂಡನ್ನೂ ಮುರಿಯೋದು ಬೇಕಿಲ್ಲ. ಆಕ್ಸಲೇಟ್ ಹಾಗಲ್ಲ, ಅದ್ರಲ್ಲಿ ಎರಡು ಕಾರ್ಬನ್‌ಗಳ ನಡುವೆ ಒಂದು ಬಾಂಡ್ ಇದೆ, ಅದು ಮುರಿದ್ರೇನೇ ಎರಡು ಕಾರ್ಬನ್ ಡೈಆಕ್ಸೈಡ್ ಆಗೋದು. ಆ ಮುರಿಯೋ ಕೆಲ್ಸಕ್ಕೆ ಶಾಖ ಬೇಕು. ಮೊದಲ್ನೇ ಹನಿ ಪರ್ಮಾಂಗನೇಟ್ ಬಿದ್ದಾಗ ಬಣ್ಣ ಹೋಗೋಕೆ ಹೊತ್ತು ಹಿಡಿಯುತ್ತೆ, ಆಮೇಲಿನ ಹನಿಗಳು ಬಿದ್ದ ಕೂಡ್ಲೇ ಮಾಯ ಆಗುತ್ತೆ, ಗಮನಿಸಿದೀರಾ? ಹುಟ್ಟೋ ಮ್ಯಾಂಗನೀಸ್ ಅಯಾನೇ ಕ್ಯಾಟಲಿಸ್ಟ್ ಆಗಿ ಮುಂದಿನ ರಿಯಾಕ್ಷನ್ನನ್ನ ತಳ್ಳೋದು ಅದಕ್ಕೆ ಕಾರಣ. ಎಫ್‌ಎಎಸ್ ಬಿಸಿ ಮಾಡಿದ್ರೆ ಗಾಳಿಯ ಆಕ್ಸಿಜನ್ನೇ ಫೆರಸ್ಸನ್ನ ಫೆರಿಕ್ ಮಾಡ್ಬಿಡುತ್ತೆ, ಟೈಟ್ರೇಟ್ ಮಾಡೋಕೆ ಉಳಿಯೋದು ಕಮ್ಮಿ ಆಗಿ ರೀಡಿಂಗ್ ಕೆಳಗೆ ಬರುತ್ತೆ.

ಆಸಿಡ್ ವಿಷ್ಯನೂ ಹಾಗೇ. ಡೈಲ್ಯೂಟ್ ಸಲ್ಫ್ಯೂರಿಕ್ಕೇ ಯಾಕೆ? ಹೈಡ್ರೋಕ್ಲೋರಿಕ್ ಹಾಕಿದ್ರೆ ಕ್ಲೋರೈಡೇ ಪರ್ಮಾಂಗನೇಟ್‌ಗೆ ಎಲೆಕ್ಟ್ರಾನ್ ಕೊಟ್ಟು ಕ್ಲೋರಿನ್ ಆಗೋಕೆ ಹೋಗುತ್ತೆ, ನೈಟ್ರಿಕ್ ತಾನೇ ಆಕ್ಸಿಡೈಸಿಂಗ್ ಏಜೆಂಟ್ (ಬೇರೆಯವುಗಳಿಂದ ಎಲೆಕ್ಟ್ರಾನ್ ಕಿತ್ಕೊಳ್ಳೋದು). ಸಲ್ಫೇಟ್‌ನಲ್ಲಿ ಸಲ್ಫರ್‌ನ ಆಕ್ಸಿಡೇಶನ್ ನಂಬರ್ ಆಗ್ಲೇ +6, ಅದಕ್ಕಿಂತ ಮೇಲೆ ಹೋಗೋಕೆ ಆಗಲ್ಲ, ಆದ್ರಿಂದ ಸುಮ್ನೆ ಕೂತಿರುತ್ತೆ. ಟೈಟ್ರೇಶನ್ ಮಧ್ಯ ಕಂದು ಬಣ್ಣ ಬಂತು ಅಂದ್ರೆ ಆಸಿಡ್ ಸಾಲ್ದೇ ಮ್ಯಾಂಗನೀಸ್ ಡೈಆಕ್ಸೈಡ್ ಆಗಿದೆ ಅಂತ, ಆ ರೀಡಿಂಗ್ ಬಿಟ್ಟು ಹೊಸದಾಗಿ ಶುರು ಮಾಡಿ.

ಸಾಲ್ಟ್ ಅನಾಲಿಸಿಸ್ (ಕೊಟ್ಟ ಲವಣದಲ್ಲಿ ಯಾವ ಅಯಾನು ಇದೆ ಅಂತ ಪತ್ತೆ ಮಾಡೋದು) ಅಂತೂ ಪೂರ್ತಿ ಬಾಂಡಿಂಗ್ ಚಾಪ್ಟರ್ರೇ. ಫಜಾನ್ಸ್ ರೂಲ್ ಅಂತ ಬಾಯಿಪಾಠ ಮಾಡಿರ್ತೀರಲ್ಲ, 1923ರಲ್ಲಿ ಕಾಜಿಮಿರ್ ಫಜಾನ್ಸ್ ಹೇಳಿದ್ದು: ಆನಯಾನು (ಋಣ ಅಯಾನು) ದೊಡ್ಡದಾದಷ್ಟೂ ಅದ್ರ ಎಲೆಕ್ಟ್ರಾನ್ ಮೋಡ ಕ್ಯಾಟಯಾನಿನ (ಧನ ಅಯಾನಿನ) ಕಡೆ ಎಳೆಸ್ಕೊಂಡು, ಬಾಂಡ್‌ಗೆ ಕೋವೇಲೆಂಟ್ ಗುಣ ಬರುತ್ತೆ ಅಂತ. ಅದನ್ನ ಕಣ್ಣಾರೆ ನೋಡ್ಬೇಕಂದ್ರೆ ಮೂರು ಟೆಸ್ಟ್ ಟ್ಯೂಬ್ ಸಾಕು. ಒಂದ್ರಲ್ಲಿ ಕ್ಲೋರೈಡ್, ಒಂದ್ರಲ್ಲಿ ಬ್ರೋಮೈಡ್, ಒಂದ್ರಲ್ಲಿ ಅಯೋಡೈಡ್, ಮೂರಕ್ಕೂ ಸ್ವಲ್ಪ ಡೈಲ್ಯೂಟ್ ನೈಟ್ರಿಕ್ ಆಸಿಡ್, ಆಮೇಲೆ ಸಿಲ್ವರ್ ನೈಟ್ರೇಟ್. ಬಿಳಿ, ತಿಳಿ ಹಳದಿ, ಹಳದಿ. ಈಗ ಅಮೋನಿಯಂ ಹೈಡ್ರಾಕ್ಸೈಡ್ ಹಾಕಿ: ಬಿಳೀದು ಕರಗಿ ಹೋಗುತ್ತೆ, ತಿಳಿ ಹಳದಿ ಅರೆಬರೆ, ಹಳದಿ ಅಲ್ಲಾಡಲ್ಲ. ಅಮೋನಿಯಾದ ನೈಟ್ರೋಜನ್ ತನ್ನ ಲೋನ್ ಪೇರ್ (ಬಾಂಡ್‌ಗೆ ಬಳಸ್ದೇ ಉಳಿದ ಎಲೆಕ್ಟ್ರಾನ್ ಜೋಡಿ) ಕೊಟ್ಟು ಸಿಲ್ವರ್ ಜೊತೆ ಕೋಆರ್ಡಿನೇಟ್ ಬಾಂಡ್ (ಎರಡೂ ಎಲೆಕ್ಟ್ರಾನ್ ಒಬ್ಬರೇ ಕೊಡೋ ಬಾಂಡ್) ಮಾಡ್ಕೊಳ್ಳೋಕೆ ಎಳೀತಿರುತ್ತೆ, ಅಯೋಡೈಡ್ ಬಿಡಲ್ಲ. ಸಾಲ್ಯುಬಿಲಿಟಿ ಪ್ರಾಡಕ್ಟ್ (ಇಲ್ಲಿ ಚಿಕ್ಕದಾದಷ್ಟೂ ನೀರಲ್ಲಿ ಕರಗೋದು ಕಮ್ಮಿ) ನೋಡಿದ್ರೆ ಕ್ಲೋರೈಡ್‌ದು ಸುಮಾರು 10ರ ಮೈನಸ್ 10ನೇ ಘಾತ, ಬ್ರೋಮೈಡ್‌ದು ಮೈನಸ್ 13ರ ಹತ್ರ, ಅಯೋಡೈಡ್‌ದು ಮೈನಸ್ 17. ಸಿಲ್ವರ್ ಫ್ಲೋರೈಡ್ ಮಾತ್ರ ನೀರಲ್ಲಿ ಆರಾಮಾಗಿ ಕರಗುತ್ತೆ, ಫ್ಲೋರೈಡ್ ಅಷ್ಟು ಚಿಕ್ಕದು. ಹಾಗಾಗಿ "ಇದು ಅಯಾನಿಕ್ಕಾ ಕೋವೇಲೆಂಟಾ" ಅಂತ ಎರಡೇ ಡಬ್ಬಿ ಇಟ್ಕೊಂಡು ಕೇಳೋ ಪ್ರಶ್ನೆ ನಂಗೆ ಅಷ್ಟಾಗಿ ಹಿಡಿಸಲ್ಲ, ಎಷ್ಟು ಅಂತ ಕೇಳೋದೇ ಸರಿ.

ಕ್ರಿಸ್ಟಲೈಸೇಶನ್ ಬಗ್ಗೆ ಬೇಗ ಹೇಳ್ಬಿಡ್ತೀನಿ. ಉಪ್ಪಿನ ಲ್ಯಾಟಿಸ್ (ಅಯಾನುಗಳು ಸಾಲಾಗಿ ಕೂತಿರೋ ಜೋಡಣೆ) ಒಡಿಯೋಕೆ ಮೋಲ್‌ಗೆ 788 ಕಿಲೋಜೂಲ್ ಬೇಕು, ನೀರು ಅಯಾನುಗಳನ್ನ ಸುತ್ಕೊಂಡಾಗ ವಾಪಸ್ ಸಿಗೋದು 784, ಅಂದ್ರೆ ವ್ಯತ್ಯಾಸ ಬರೀ 4. ಅದಕ್ಕೇ ನೀರು ಬಿಸಿ ಮಾಡಿದ್ರೂ ಉಪ್ಪು ಹೆಚ್ಚೇನೂ ಕರಗಲ್ಲ, 100 ಗ್ರಾಂ ನೀರಿಗೆ 0 ಡಿಗ್ರಿಯಲ್ಲಿ ಸುಮಾರು 36 ಗ್ರಾಂ, ಕುದಿಯೋ ನೀರಲ್ಲೂ 39ರ ಹತ್ರ. ತಣ್ಣಗೆ ಮಾಡಿ ಹರಳು ತೆಗೀತೀನಿ ಅಂದ್ರೆ ಏನೂ ಸಿಗಲ್ಲ, ನೀರನ್ನ ಆವಿ ಮಾಡ್ಲೇಬೇಕು, ಉಪ್ಪಿನ ಗದ್ದೆಗಳಲ್ಲಿ ಮಾಡೋದೂ ಅದನ್ನೇ. ಪೊಟ್ಯಾಶಿಯಂ ನೈಟ್ರೇಟ್‌ಗೆ ಅದೇ ಬಿಸಿಗೆ 13 ಗ್ರಾಂ ಇದ್ದಿದ್ದು 240ರ ಆಚೆ ಹೋಗುತ್ತೆ, ಅದಕ್ಕೆ ತಣ್ಣಗೆ ಮಾಡಿದ್ರೆ ಸಾಕು, ಹರಳು ರಾಶಿ ಬೀಳುತ್ತೆ.

ವೈವಾಗೆ ಓದ್ಬೇಕಾ ಅಂದ್ರೆ, ಹೌದು, ಆದ್ರೆ ಉಲ್ಟಾ ಓದಿ: ಪ್ರೊಸೀಜರ್‌ನ ಒಂದೊಂದು ಸಾಲು ಇಟ್ಕೊಂಡು ಇಲ್ಲಿ ಯಾವ ಬಾಂಡ್ ಮುರೀತಿದೆ, ಯಾವುದು ಹುಟ್ತಿದೆ ಅಂತ ಪಕ್ಕದಲ್ಲಿ ಬರೀರಿ. ಶುರು ಮಾಡೋಕೆ ಕಾಪರ್ ಸಲ್ಫೇಟ್ ಒಳ್ಳೇದು, ಅದೇ ಮೈಲುತುತ್ತ, ಮಲೆನಾಡಿನವರಾದ್ರೆ ಅಡಿಕೆ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯೋದು ನೋಡಿರ್ತೀರಿ. ಐದು ನೀರಿನ ಅಣುಗಳಲ್ಲಿ ನಾಲ್ಕು ಕಾಪರ್‌ಗೆ ಕೋಆರ್ಡಿನೇಟ್ ಆಗಿರುತ್ತೆ, ಐದನೇದು ಹೈಡ್ರೋಜನ್ ಬಾಂಡ್‌ನಲ್ಲಿ ಸಲ್ಫೇಟ್‌ಗೆ ತಗುಲ್ಕೊಂಡಿರುತ್ತೆ. ಒಣ ಟ್ಯೂಬಲ್ಲಿ ಚೂರು ಹಾಕಿ ಬಿಸಿ ಮಾಡಿ, ನೀರು ಹೋದಂಗೆ ನೀಲಿ ಹೋಗಿ ಬಿಳಿ ಆಗುತ್ತೆ, ಆರಿದ ಮೇಲೆ ಒಂದು ಹನಿ ನೀರು ಬಿಟ್ರೆ ಮತ್ತೆ ನೀಲಿ. ಬಿಸಿ ಮಾಡುವಾಗ ಟ್ಯೂಬ್ ಬಾಯಿ ಸ್ವಲ್ಪ ಕೆಳಗೆ ಬಾಗಿಸಿ ಹಿಡೀರಿ, ಇಲ್ಲಾಂದ್ರೆ ಆವಿ ತಣ್ಣಗಾಗಿ ಬಿಸಿ ತಳಕ್ಕೆ ಇಳಿದು ಗಾಜು ಸೀಳುತ್ತೆ, ಬಾಯಿ ಪಕ್ಕದವರ ಕಡೆ ಇರ್ದಂಗೂ ನೋಡ್ಕೊಳ್ಳಿ.