ಗೋಲ್ಡ್ ರಿಂಗೋ, ಗೋಲ್ಡನ್ ರಿಂಗೋ?

ಇಂಗ್ಲಿಷಿನ ಗೋಲ್ಡ್, ಗೋಲ್ಡನ್ ಎರಡಕ್ಕೂ ಅರ್ಥ ಒಂದೇನಾ, ಉಂಗುರಕ್ಕೆ ಯಾವುದು ಸರಿ ಅಂತ ಕೇಳಿದ್ದೀರಿ. ಉಂಗುರ ಚಿನ್ನದ್ದೇ ಆಗಿದ್ದರೆ ಗೋಲ್ಡ್ ರಿಂಗ್ ಅನ್ನಿ. ಗೋಲ್ಡನ್ ರಿಂಗ್ ಅಂದರೆ ಇವತ್ತಿನ ಕಿವಿಗೆ ಹೊಂಬಣ್ಣದ ಉಂಗುರ ಅಂತ ಕೇಳಿಸುತ್ತದೆ. ಅದು ಹಿತ್ತಾಳೆಯದ್ದೂ ಆಗಿರಬಹುದು.

ಕನ್ನಡ ಬಲ್ಲವರಿಗೆ ಇದು ಕಷ್ಟವೇ ಅಲ್ಲ. ಚಿನ್ನದ ಸರ ಬೇರೆ, ಚಿನ್ನದಂಥ ಮಗು ಬೇರೆ ಅಲ್ವಾ? ‘ಚಿನ್ನದ’ ಅನ್ನುವ ಕಡೆ ಗೋಲ್ಡ್, ‘ಚಿನ್ನದಂಥ’ ಅನ್ನುವ ಕಡೆ ಗೋಲ್ಡನ್. ಸಂಜೆ ಬಿಸಿಲು, ಮಾಗಿದ ಗೋಧಿ, ಹೊಂಬಣ್ಣದ ಕೂದಲು ಎಲ್ಲವೂ ಗೋಲ್ಡನ್. ಗೋಲ್ಡನ್ ಚಾನ್ಸ್ ಅನ್ನುವಾಗಲಂತೂ ಬಣ್ಣವೂ ಇಲ್ಲ, ಅದರ ಬೆಲೆಯಷ್ಟೇ ಮನಸ್ಸಿನಲ್ಲಿರುತ್ತದೆ.

ವ್ಯಾಕರಣದಲ್ಲಿ ಗೋಲ್ಡ್ ಮೊದಲಿಗೆ ನಾಮಪದ, ಒಂಟಿಯಾಗಿ ನಿಲ್ಲುತ್ತದೆ. ‘ಶೀ ವನ್ ಗೋಲ್ಡ್’ ಸರಿ, ‘ಶೀ ವನ್ ಗೋಲ್ಡನ್’ ತಪ್ಪು. ಗೋಲ್ಡನ್ ಬರೀ ಗುಣವಾಚಕ. ಎರಡರ ಹಿಂದೆಯೂ ‘ಮೋರ್’ ಹಾಕಿ ನೋಡಿ. ‘ಮೋರ್ ಗೋಲ್ಡ್’ ಅಂದರೆ ಇನ್ನೂ ಜಾಸ್ತಿ ಚಿನ್ನ. ‘ಮೋರ್ ಗೋಲ್ಡನ್’ ಅಂದರೆ ಬಣ್ಣ ಇನ್ನಷ್ಟು ಹೊನ್ನಿನ ಕಡೆಗೆ ತಿರುಗಿದೆ.

ನನಗೆ ತುಂಬಾ ಇಷ್ಟವಾಗುವುದು ಇದರ ಹಿಂದಿನ ಕಥೆ. ವುಡ್‌ನಿಂದ ವುಡನ್, ವೂಲ್‌ನಿಂದ ವೂಲನ್ ಬಂದ ಹಾಗೆಯೇ ಗೋಲ್ಡನ್ ಬಂತು. ಆ ಕೊನೆಯ ‘ಅನ್’ಗೆ ‘ಅದರಿಂದ ಮಾಡಿದ್ದು’ ಅಂತಲೇ ಅರ್ಥ. ಅಂದರೆ ಗೋಲ್ಡನ್ ಮೊದಲು ಚಿನ್ನದಿಂದ ಮಾಡಿದ ವಸ್ತುವಿಗೇ ಇದ್ದ ಪದ. ಬರಬರುತ್ತಾ ಆ ಕೆಲಸ ಗೋಲ್ಡ್‌ನ ಪಾಲಾಯಿತು. ಗೋಲ್ಡನ್‌ಗೆ ಹೆಚ್ಚಾಗಿ ಬಣ್ಣ, ಹಿರಿಮೆ ಉಳಿದವು. ಹಳೆಯ ಕಥೆಗಳಲ್ಲಿ ರಾಜನ ತಲೆ ಮೇಲೆ ಗೋಲ್ಡನ್ ಕ್ರೌನ್ ಕಂಡರೆ ತಪ್ಪು ಅಂದುಕೊಳ್ಳಬೇಡಿ.

ಗೋಲ್ಡ್ ಕೂಡ ಬಣ್ಣ ಹೇಳುವುದುಂಟು. ಗೋಲ್ಡ್ ಪೇಂಟ್ ಅಂದರೆ ಲೋಹದ ಹೊಳಪಿರುವ ಬಣ್ಣ. ಗೋಧಿಯ ಮೃದುವಾದ ಹಳದಿಗೆ ಆ ಪದ ಅಷ್ಟಾಗಿ ಒಗ್ಗುವುದಿಲ್ಲ.

ಕೆಲವು ಜೋಡಿಪದಗಳನ್ನು ಮಾತ್ರ ಇಡಿಯಾಗಿ ಕಲಿಯಬೇಕು. ಗೋಲ್ಡ್‌ಫಿಶ್‌ನಲ್ಲಿ ಚಿನ್ನ ಎಲ್ಲಿದೆ? ಒಲಿಂಪಿಕ್ಸ್‌ನಲ್ಲಿ ಅಪ್ಪಟ ಚಿನ್ನದ ಪದಕ ಕೊಟ್ಟಿದ್ದು 1912ರಲ್ಲೇ ಕೊನೆ. ಈಗಿನದು ಬಹುಪಾಲು ಬೆಳ್ಳಿ, ಮೇಲೆ ಸುಮಾರು 6 ಗ್ರಾಂ ಚಿನ್ನ. ಆದರೂ ಅದು ಗೋಲ್ಡ್ ಮೆಡಲ್ಲೇ, ಯಾರೂ ಗೋಲ್ಡನ್ ಮೆಡಲ್ ಅನ್ನುವುದಿಲ್ಲ.