ನೀವು ಕೇಳಿದಿರಿ: ಕರುಳಿನ ಕಣಗಳು ನಾಳಕ್ಕೆ ಹೇಗೆ ಹೋದವು?

ಪ್ರಶ್ನೆ: ಎಲೆಗನ್ಸ್ ದುಂಡುಹುಳುವಿನ ಭ್ರೂಣವನ್ನು ಪೋಲರೈಸ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ) ಬೆಳಕಿನಲ್ಲಿ ನೋಡಿದರೆ ಕರುಳಿನ ಕೋಶಗಳೊಳಗೆ ಕಣಗಳು ಹೊಳೆಯುತ್ತವೆ. ಗ್ಲೋ-1 ಜೀನ್ ಕೆಟ್ಟ ಮ್ಯೂಟಂಟ್‌ನಲ್ಲಿ ಹೊಳಪು ಕರುಳಿನ ನಡುವಿನ ಟೊಳ್ಳು ನಾಳದಲ್ಲಿದೆ, ಆಮ್ಲೀಯ ಕಣಗಳಲ್ಲಿ ಸೇರುವ ಲೈಸೋಟ್ರ್ಯಾಕರ್ ಬಣ್ಣವೂ ಸರಿಯಾಗಿ ಹಿಡಿಯುತ್ತಿಲ್ಲ. ಲೈಸೋಸೋಮ್‌ಗಳೇ (ಕೋಶದ ತ್ಯಾಜ್ಯ ಅರಗಿಸುವ ಆಮ್ಲೀಯ ಚೀಲಗಳು) ಇಲ್ಲವೆಂದು ಬರೆಯಬಹುದೇ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು

ಉತ್ತರ: ಬರೆಯಬೇಡಿ. ನೀವು ನೋಡುತ್ತಿರುವ ಕಣಗಳು ಲೈಸೋಸೋಮ್‌ನ ದಾಯಾದಿಗಳು, ಲೈಸೋಸೋಮ್‌ಗಳೇ ಅಲ್ಲ. ಕರುಳಿನ 20 ಕೋಶಗಳೂ ‘ಇ’ ಎಂಬ ಒಂದೇ ಕೋಶದ ಸಂತತಿ. ಭ್ರೂಣ ಬೆಳೆಯುತ್ತಿರುವಾಗಲೇ ಅವುಗಳಲ್ಲಿ ಈ ಕಣಗಳು ಕಟ್ಟಿಕೊಳ್ಳುತ್ತವೆ. ಕಣಕ್ಕೆ ಸೇರಬೇಕಾದ ಸರಕನ್ನು ವಿಂಗಡಿಸುವುದು ಎಪಿ-3 ಎಂಬ ಪ್ರೋಟೀನ್ ಸಂಕೀರ್ಣ. ಕಣ ರೂಪುಗೊಳ್ಳಲು ಗ್ಲೋ-1 ಎಂಬ ರ‍್ಯಾಬ್ ಪ್ರೋಟೀನ್ (ಕೋಶದೊಳಗಿನ ಸಾಗಣೆಯನ್ನು ನಿಯಂತ್ರಿಸುವ ಬಗೆ) ಬೇಕೇ ಬೇಕು. ಇವೆರಡರಲ್ಲಿ ಒಂದು ಕೆಟ್ಟರೂ ಹೊಳೆಯುವ ವಸ್ತು ಕೋಶದೊಳಗೆ ನಿಲ್ಲದೆ ನಾಳ ಸೇರುತ್ತದೆ. ಗ್ಲೋ-1 ಕೆಟ್ಟಾಗ ಸಾಮಾನ್ಯ ಲೈಸೋಸೋಮ್‌ಗಳು ಉಳಿದೇ ಇರುತ್ತವೆ. ಆದರೆ ಚೀಲಗಳನ್ನು ಒಂದಕ್ಕೊಂದು ಬೆಸೆಯುವ ಹಾಪ್ಸ್ ಸಂಕೀರ್ಣದ ವಿಪಿಎಸ್-41 ಪ್ರೋಟೀನ್ ಕೆಟ್ಟರೆ ಈ ಕಣಗಳಿಗೂ ಲೈಸೋಸೋಮ್‌ಗಳಿಗೂ ಪೆಟ್ಟು.

ಲೈಸೋಟ್ರ್ಯಾಕರ್ ತೋರಿಸುವುದು ಆಮ್ಲತೆಯನ್ನು. ಬಣ್ಣ ಹಿಡಿಯಲಿಲ್ಲವೆಂದರೆ ಕಣ ಹುಟ್ಟಿಲ್ಲದಿರಬಹುದು, ಹುಟ್ಟಿಯೂ ಆಮ್ಲೀಯವಾಗದಿರಬಹುದು. ಪಿಜಿಪಿ-2ರಂಥ, ಕಣದ ಪೊರೆಯಲ್ಲಿರುವ ಪ್ರೋಟೀನಿನ ಗುರುತಿನಿಂದ ಮತ್ತೆ ನೋಡದೆ ತೀರ್ಮಾನಿಸಬೇಡಿ. ಜಿಎಫ್‌ಪಿ (ಹಸಿರಾಗಿ ಮಿನುಗುವ ಗುರುತು ಪ್ರೋಟೀನ್) ಬಳಸುವುದಾದರೆ ಇನ್ನೊಂದು ಪೇಚಿದೆ: ಈ ಕಣಗಳು ತಾವಾಗಿಯೇ ಮಿನುಗುತ್ತವೆ, ಆ ಮಿನುಗು ಹಸಿರು ಚಾನೆಲ್‌ಗೂ ಸೋರುತ್ತದೆ. ಜಿಎಫ್‌ಪಿ ಇಲ್ಲದ ಹುಳುವನ್ನೂ ಅದೇ ಎಕ್ಸ್‌ಪೋಶರ್‌ನಲ್ಲಿ ತೆಗೆಯಿರಿ.

ಪೋಲರೈಸ್ಡ್ ನೋಟಕ್ಕೆ ಮೊಟ್ಟೆ ತುಂಬಿದ ಹುಳುವನ್ನು ಎಂ9 ಲವಣದ್ರಾವಣದ ಹನಿಯಲ್ಲಿ ಸೂಜಿಯಿಂದ ಕತ್ತರಿಸಿ, ಭ್ರೂಣಗಳನ್ನು 2% ಅಗರೋಸ್ ಪ್ಯಾಡಿನ ಮೇಲಿಟ್ಟು ಕವರ್‌ಸ್ಲಿಪ್ ಮುಚ್ಚಿ. ಹಿನ್ನೆಲೆ ಪೂರ್ತಿ ಕಪ್ಪಾಗುವವರೆಗೆ ಪೋಲರೈಸರ್ ತಿರುಗಿಸಿ. ಬಾಲ ಮಡಚಿದ ನಂತರದ ಭ್ರೂಣಗಳನ್ನೇ ಆರಿಸಿ. ಅದಕ್ಕೂ ಮೊದಲು ನಾಳ ಯಾವುದು, ಕೋಶ ಯಾವುದು ಎಂದು ಬೇರ್ಪಡಿಸುವುದು ಕಷ್ಟ. ಹುಳುಗಳನ್ನು 20 ಡಿಗ್ರಿಯ ಇನ್‌ಕ್ಯುಬೇಟರ್‌ನಲ್ಲೇ ಬೆಳೆಸಿ. ಏಪ್ರಿಲ್‌ನಲ್ಲಿ ಮೈಸೂರಿನ ಮಧ್ಯಾಹ್ನದ ಸೆಕೆಗೆ ತಟ್ಟೆಯನ್ನು ಮೇಜಿನ ಮೇಲೆ ಬಿಟ್ಟರೆ ಮೊಟ್ಟೆಯೇ ಸಿಗಲಿಕ್ಕಿಲ್ಲ. 25 ದಾಟಿದರೆ ಇವು ಬೇಗ ಬಂಜೆಯಾಗುತ್ತವೆ.

ಪ್ರಶ್ನೆ: ಮನುಷ್ಯರಿಗೂ ಇದಕ್ಕೂ ಸಂಬಂಧವಿದೆಯೇ?
— ಪಿಯು ಉಪನ್ಯಾಸಕರು, ಮಂಡ್ಯ

ಉತ್ತರ: ಇದೆ. ನಮ್ಮಲ್ಲಿ ಎಪಿ-3 ಕೆಟ್ಟರೆ ಹರ್ಮಾನ್ಸ್ಕಿ-ಪುಡ್ಲಾಕ್ ಕಾಯಿಲೆಯ ಎರಡನೇ ಬಗೆ ಬರುತ್ತದೆ. ಬಣ್ಣದ ಕಣಗಳು ಸರಿಯಾಗಿ ಕಟ್ಟದೆ ಚರ್ಮ, ಕಣ್ಣು ಬಿಳಿಚುತ್ತವೆ. ಪ್ಲೇಟ್‌ಲೆಟ್‌ಗಳ ದಟ್ಟ ಕಣಗಳಿಲ್ಲದೆ ಗಾಯದ ರಕ್ತ ಬೇಗ ನಿಲ್ಲುವುದಿಲ್ಲ.